ಲೆಕ್ಕದಿಂದ ಬಿಟ್ಟುಹೋದ ಮನೆಗಳು

ತುಮಕೂರಿಗೆ ಬಂದು ಇನ್ನೂ ಹದಿನೈದು ದಿನ ಕಳೆದಿರಲಿಲ್ಲ. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಒಂದು ಮನೆಯ ಜಗಲಿಯ ಮೇಲೆ ಕೂತು, ಒಬ್ಬ ಗಂಡಸಿನ ಜೊತೆ ಅವನ ಹೆಂಡತಿಯ ಆಯುಸ್ಸಿನ ಚೌಕಾಸಿ ಮಾಡುತ್ತಿದ್ದೆ.

"ನೋಡ್ರಿ ಅಣ್ಣಾರ," ಎಂದೆ. ಆಗಿನ್ನೂ ನನ್ನ ಬಾಯಲ್ಲಿ ನಮ್ಮ ಕಡೆಯ ಮಾತೇ ಬರುತ್ತಿತ್ತು. "ನಿಮ್ಮ ಮನಿಯವ್ರು ಈಗ ಹೆಂಗದಾರ, ಹಂಗ ಹತ್ತು ವರ್ಷ ಬದುಕ್ತಾರ ಅಂತ ತಿಳ್ಕೋರಿ. ಇಲ್ಲಾ ಅಂದ್ರ, ಪೂರ್ತಿ ಆರಾಮಾಗಿ ಏಳು ವರ್ಷ ಅಷ್ಟ ಬದುಕ್ತಾರ. ಎರಡರಾಗ ನೀವು ಯಾವುದನ್ನ ಆರಿಸ್ತೀರಿ?"

ಅವನ ಹೆಸರು ರಂಗಸ್ವಾಮಿ. ಟ್ರಾಕ್ಟರ್ ಓಡಿಸುತ್ತಿದ್ದವನು. ನನ್ನನ್ನು ನೋಡಿದ, ಬಾಗಿಲ ಒಳಗೆ ಮಂಚದ ಮೇಲೆ ಮಲಗಿದ್ದ ಹೆಂಡತಿ ಗೌರಮ್ಮನನ್ನು ನೋಡಿದ, ಮತ್ತೆ ನನ್ನನ್ನು ನೋಡಿದ.

"ಮೂರ್ ವರ್ಷ ನಾವ್ ಬುಟ್ಕೊಟ್ರೆ, ಅವ್ಳ ಕೈ ಸರಿ ಮಾಡ್ಕೊಡ್ತೀರಾ ಮೇಡಂ?"

"ಇಲ್ರಿ. ಹಂಗೇನಿಲ್ಲ. ಸುಮ್ನ ಮನಸಿನ್ಯಾಗ ತಿಳ್ಕೊಂಡು ಹೇಳ್ರಿ."

"ಸರಿ ಮಾಡಾಕಿಲ್ಲ ಅಂದ್ಮೇಲೆ ಯಾಕ್ ಕೇಳ್ತೀರಾ ಮತ್ತೆ?"

ಒಳಗಿನಿಂದ ಒಂದು ಸದ್ದು ಬಂತು. ಗೌರಮ್ಮನ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಅವಳು ಅಳುತ್ತಿದ್ದಾಳೋ ನೋವಿನಿಂದ ನರಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಎದ್ದು ನಿಂತೆ. ರಂಗಸ್ವಾಮಿ ಕೈ ಆಡಿಸಿ ನನ್ನನ್ನು ಕೂರಿಸಿದ. "ಕುಂತ್ಕಳಿ ಮೇಡಂ. ನಗ್ತಾವ್ಳೆ."

ಆ ಪ್ರಶ್ನೆ ನಾನು ಕಟ್ಟಿದ್ದಲ್ಲ. ಜಗತ್ತಿನ ಎಷ್ಟೋ ದೇಶಗಳಲ್ಲಿ ಅದನ್ನು ಕೇಳುತ್ತಾರಂತೆ. ಮುಧೋಳದಲ್ಲಿ ಹುಟ್ಟಿ, ಧಾರವಾಡದಲ್ಲಿ ಸಮಾಜಕಾರ್ಯ ಓದಿ, ಎರಡು ವರ್ಷ ಕೆಲಸ ಹುಡುಕಿ ಸೋತಿದ್ದ ನಾನು ಆ ಪ್ರಶ್ನೆ ಕೇಳುವ ನೌಕರಿಗೆಂದು ತುಮಕೂರಿಗೆ ಬಂದಿದ್ದೆ. ಮುಧೋಳದ ನೀವೆಲ್ಲ ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆಂದು ತಿಳಿದಿದ್ದೀರಿ. ಅವ್ವನೂ ಓಣಿಯಲ್ಲಿ ಹಾಗೆಯೇ ಹೇಳಿಕೊಂಡು ಬಂದಿದ್ದಾಳೆ. ಹಾಗಲ್ಲ. ನನ್ನದು ಒಂದು ಸಂಶೋಧನಾ ಯೋಜನೆಯ ಕೆಲಸ. ಲಕ್ವ ಹೊಡೆದವರ ಮನೆಗೆ ವಾರಕ್ಕೊಮ್ಮೆ ಫಿಸಿಯೋಥೆರಪಿಯವರು ಹೋಗಿ ಕೈಕಾಲಿಗೆ ವ್ಯಾಯಾಮ ಮಾಡಿಸಿದರೆ ಎಷ್ಟು ಗುಣವಾಗುತ್ತದೆ, ಅಷ್ಟು ಗುಣಕ್ಕೆ ಸರ್ಕಾರ ಹಾಕುವ ದುಡ್ಡು ಸಾರ್ಥಕವೇ, ಇದನ್ನು ತೂಗಿ ನೋಡುವುದು. ಇದಕ್ಕೆ ಆರೋಗ್ಯದ ಅರ್ಥಶಾಸ್ತ್ರ ಎನ್ನುತ್ತಾರೆ. ಗುಬ್ಬಿ ತಾಲ್ಲೂಕಿನ ರೋಗಿಗಳ ಮನೆಗೆ ಫಿಸಿಯೋಥೆರಪಿಯವರು ಹೋಗುವುದು, ಕುಣಿಗಲ್ ತಾಲ್ಲೂಕಿನವರಿಗೆ ಆಸ್ಪತ್ರೆಯಲ್ಲಿ ಎಂದಿನಂತೆ ಸಲಹೆ ಹೇಳಿ ಮನೆಗೆ ಕಳಿಸುವುದು. ಒಂದು ವರ್ಷದ ಮೇಲೆ ಎರಡೂ ಕಡೆಯವರನ್ನು ಹೋಲಿಸುವುದು. ಸಾರ್ಥಕ ಎಂದು ಕಂಡರೆ ಉಳಿದ ಜಿಲ್ಲೆಗಳಿಗೂ ಬರುತ್ತದೆ. ನಮ್ಮ ಬಾಗಲಕೋಟೆಗೂ. ಆ ಕೊನೆಯ ಮಾತಿಗಾಗಿಯೇ ನಾನು ಒಪ್ಪಿಕೊಂಡೆ ಎಂದು ಇವತ್ತು ಅನ್ನಿಸುತ್ತದೆ. ನಮ್ಮ ದೊಡ್ಡವ್ವ ಆಗಲೇ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು.

ಮೊದಲು ಮನೆಯ ಮಾತು. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಒಂದೆರಡು ಮನೆ ನೋಡಿದೆ. ಮದುವೆಯಾಗದ ಹೆಂಗಸು ಒಬ್ಬಳೇ ಇರುತ್ತಾಳೆ ಎಂದ ಕೂಡಲೇ ಖಾಲಿ ಇದ್ದ ಮನೆಗೆ ತಟ್ಟನೆ ನೆಂಟರು ಬರುವವರಿದ್ದರು. ಕೊನೆಗೆ ಮರಳೂರಿನಲ್ಲಿ ಜಯಮ್ಮ ಎಂಬ ನಿವೃತ್ತ ಶಿಕ್ಷಕಿ ಮಹಡಿಯ ಮೇಲಿನ ಒಂದು ಕೋಣೆ, ಒಂದು ಅಡುಗೆಮನೆ ಕೊಟ್ಟರು. ಅವರೂ ಕೇಳುವುದನ್ನೆಲ್ಲ ಕೇಳಿದರು. ಯಾವ ಜನ, ಅಪ್ಪ ಏನು ಮಾಡುತ್ತಾರೆ, ಮದುವೆ ಯಾಕೆ ಆಗಿಲ್ಲ. ಎಲ್ಲ ಕೇಳಿಯಾದ ಮೇಲೆ, "ನೀರು ಮಾತ್ರ ನೋಡ್ಕೊಂಡು ಬಳಸ್ಬೇಕು ಕಣಮ್ಮ, ಬಾಕಿದೆಲ್ಲ ಹೆಂಗೋ ಆಗತ್ತೆ" ಎಂದು ಬೀಗದ ಕೈ ಕೊಟ್ಟರು. ಒಬ್ಬನೇ ಮಗ ಮೈಸೂರಿನಲ್ಲಿ ಬ್ಯಾಂಕಿನಲ್ಲಿದ್ದ. ಅವರಿಗೂ ಮಾತಿಗೆ ಜನ ಬೇಕಿತ್ತು.

ಮರುದಿನವೇ ಬೀದಿಯ ಅಂಗಡಿಗೆ ಹೋಗಿ ಜೋಳದ ಹಿಟ್ಟು ಕೇಳಿದೆ. ಹಳದಿ ಹಿಟ್ಟು ಕಟ್ಟಿಕೊಟ್ಟರು. ರೊಟ್ಟಿ ಬಡಿಯಲು ಹೋದರೆ ಒಡೆದು ಒಡೆದು ಬಂತು. ಜಯಮ್ಮ ಮೇಲೆ ಬಂದು ನೋಡಿ ನಕ್ಕುಬಿಟ್ಟರು. ಇಲ್ಲಿ ಜೋಳ ಅಂದರೆ ನಾವು ಗೋವಿನಜೋಳ ಎನ್ನುವುದು. ನಮ್ಮ ಜೋಳ ಬೇಕಾದರೆ ಬಿಳಿಜೋಳ ಎಂದು ಕೇಳಬೇಕು. ಅದೂ ಎಲ್ಲ ಕಡೆ ಸಿಗುವುದಿಲ್ಲ. ಆ ದಿನ ಜಯಮ್ಮನ ಮನೆಯಲ್ಲಿ ರಾಗಿ ಮುದ್ದೆ, ಬಸ್ಸಾರು. ಸೊಪ್ಪು ಕಾಳು ಬೇಯಿಸಿ, ಬಸಿದ ನೀರಿಗೆ ಖಾರ ರುಬ್ಬಿ ಹಾಕಿದ ಸಾರು ಅದು. ನಾನು ಮುದ್ದೆಯನ್ನು ಅನ್ನದಂತೆ ಅಗಿಯತೊಡಗಿದೆ. "ಅಗೀಬಾರ್ದು ಕಣಮ್ಮ, ಸಾರಲ್ಲಿ ಹೊರಳ್ಸಿ ನುಂಗ್ಬೇಕು" ಎಂದು ಪುಟ್ಟ ಮಗುವಿಗೆ ಹೇಳುವಂತೆ ಹೇಳಿಕೊಟ್ಟರು. ಗಂಟಲಲ್ಲಿ ಸಿಕ್ಕಿಕೊಂಡು ಕಣ್ಣಲ್ಲಿ ನೀರು ಬಂತು. ಅದು ಮುದ್ದೆಯಿಂದ ಬಂದದ್ದೆಂದು ಅವರು ತಿಳಿದರು. ಅಷ್ಟೇ ಆಗಿರಲಿಲ್ಲ.

ಇನ್ನು ಮಾತು. ಕನ್ನಡದಿಂದ ಕನ್ನಡಕ್ಕೆ ಬಂದವಳಿಗೆ ಭಾಷೆಯ ಕಷ್ಟವೇನು ಎಂದು ನೀವು ಕೇಳಬಹುದು. ನಮ್ಮ ಕಡೆ ರೋಗಕ್ಕೆ ಜಡ್ಡು ಎನ್ನುತ್ತೇವೆ, ಮೈ ನೆಟ್ಟಗಿಲ್ಲದಿದ್ದರೆ ಆರಾಮ ಇಲ್ಲ ಎನ್ನುತ್ತೇವೆ. ಇಲ್ಲಿ ಆರಾಮ ಎಂದರೆ ಕೆಲಸವಿಲ್ಲದೆ ಕಾಲು ಚಾಚಿ ಕೂರುವುದು. ರೋಗಿಯ ಮಗಳು ಒಬ್ಬಳಿಗೆ ನಾನು, "ನಿಮ್ಮ ಅವ್ವ ಆರಾಮ ಅದಾರೇನ್ರಿ?" ಎಂದು ಕೇಳಿದಾಗ ಅವಳ ಮುಖ ಕೆಂಪಾಯಿತು. "ಅವರೇನ್ ಬೇಕು ಅಂತ ಆರಾಮಾಗ್ ಮಲ್ಗಿಲ್ಲ ಮೇಡಂ" ಎಂದಳು. ಇಲ್ಲಿ ಹುಷಾರು ಎನ್ನಬೇಕು. ಹುಷಾರಿದ್ದಾರಾ, ಹುಷಾರಿಲ್ವಾ. ನಮಗೆ ಹುಷಾರು ಎಂದರೆ ಶಾಣ್ಯಾ, ಬುದ್ಧಿ ಚುರುಕಾಗಿರುವವನು. ಅದಕ್ಕೇ ಮೊದಮೊದಲು ಯಾರಾದರೂ ನನ್ನನ್ನು, "ಯಾಕೆ, ಹುಷಾರಿಲ್ವಾ?" ಎಂದರೆ ನನಗೂ ಸಿಟ್ಟು ಬರುತ್ತಿತ್ತು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಎರಡೂ ಕಡೆ ಇರುವ ಒಂದು ಪದ: ಪರವಾಗಿಲ್ಲ. ನಮ್ಮ ಪ್ರಶ್ನೆಗಳಲ್ಲಿ ನೋವು ಇದೆಯೇ, ನಡೆಯಲು ತೊಂದರೆ ಇದೆಯೇ, ಮನಸ್ಸಿಗೆ ಬೇಸರ ಇದೆಯೇ ಎಂದೆಲ್ಲ ಇತ್ತು. ಒಂದೊಂದಕ್ಕೂ ತೊಂದರೆ ಇಲ್ಲ, ಸ್ವಲ್ಪ ಇದೆ, ತುಂಬ ಇದೆ ಎಂಬ ಉತ್ತರಗಳಲ್ಲಿ ಒಂದನ್ನು ಟ್ಯಾಬಿನಲ್ಲಿ ಒತ್ತಬೇಕು. ಗುಬ್ಬಿಯ ಹತ್ತಿರ ಒಬ್ಬ ಮುದುಕನ ಕೈ ಬಾತುಕೊಂಡು ಮುಟ್ಟಿದರೆ ಚೀರುವಂತಿತ್ತು. ನೋವಿದೆಯಾ ಅಜ್ಜಾ ಎಂದರೆ, "ಪರ್ವಾಗಿಲ್ಲ ಕಣವ್ವ. ಏನೋ ಇದೀನಿ." ತರಬೇತಿಯಲ್ಲಿ ಹೇಳಿಕೊಟ್ಟಿದ್ದರು: ಉತ್ತರ ಹೇಳುವವರ ಮಾತನ್ನೇ ಬರೆಯಬೇಕು, ನಿಮ್ಮ ಅಭಿಪ್ರಾಯ ಸೇರಿಸಬಾರದು, ಪರವಾಗಿಲ್ಲ ಎಂದರೆ ತೊಂದರೆ ಇಲ್ಲ ಎಂದು ಒತ್ತಬೇಕು.

ಸಂಜೆ ಜಯಮ್ಮನಿಗೆ ಇದನ್ನು ಹೇಳಿದೆ. ಅವರು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದರು.

"ಈಗ ನನ್ನ ಮಂಡಿ ಹೆಂಗಿದೆ ಅಂತ ನೀನು ಕೇಳಿದ್ರೆ ನಾನೂ ಪರವಾಗಿಲ್ಲ ಅಂತೀನಿ. ಅಂದ್ರೆ ಸರಿಹೋಗಿದೆ ಅಂತನಾ? ಬಂದೋರ ಮುಂದೆ ಏನು ಗೋಳು ಹೇಳ್ಕೊಳೋದು ಅಂತ."

ನಮ್ಮ ಕಡೆ ಹಾಗಲ್ಲ ನೋಡಿ. ನಮಗೆ ಒಂದು ಮುಳ್ಳು ಚುಚ್ಚಿದರೂ ಸಾಯಾಕತ್ತೀನಿ ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತೇವೆ. ಇಲ್ಲಿನ ಜನ ನೋವನ್ನು ಬಾಯಿಂದ ಹೊರಗೆ ಬಿಡುವುದಿಲ್ಲ. ನಮ್ಮ ಯೋಜನೆಯ ಮುಖ್ಯಸ್ಥರು, ನಾವೆಲ್ಲ ಸರ್ ಎನ್ನುತ್ತಿದ್ದವರು, ಸೌಮ್ಯ ಮನುಷ್ಯ. ಅವರಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ನೀವು ಹೇಳೋದು ಅರ್ಥ ಆಗತ್ತೆ ಶೋಭಾ. ಆದ್ರೆ ಮಧ್ಯದಲ್ಲಿ ಪ್ರಶ್ನೆ ಬದಲಾಯ್ಸಿದ್ರೆ ಮೊದಲು ಕೇಳಿದ್ದೆಲ್ಲ ಹಾಳಾಗತ್ತೆ. ಎಲ್ರನ್ನೂ ಒಂದೇ ಥರ ಕೇಳ್ಬೇಕು. ಅದೇ ನಿಯಮ."

ಅದೂ ನಿಜವೇ. ಏನೂ ತಪ್ಪು ಹುಡುಕಲಾಗದ ಉತ್ತರ. ನಾನು ಬರುವ ಮೊದಲೇ ಯಾರೋ ಎಲ್ಲೋ ಕುಳಿತು ಆ ಪ್ರಶ್ನೆಗಳನ್ನು ಕನ್ನಡಕ್ಕೆ ಇಳಿಸಿದ್ದರು, ಸಿ.ಎಸ್. ಪುರದ ಒಂದು ಜಗಲಿಯ ಮೇಲೆ ಕೂತು ಅವುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿರಲಿಲ್ಲ. ಆಯುಸ್ಸಿನ ಚೌಕಾಸಿಯ ಪ್ರಶ್ನೆಗಂತೂ ರಂಗಸ್ವಾಮಿಯಂತೆಯೇ ಬಹಳ ಜನ ಉತ್ತರ ಕೊಡಲಿಲ್ಲ. ಕೊನೆಗೆ ಆ ಉತ್ತರಗಳನ್ನೆಲ್ಲ ಬದಿಗಿಟ್ಟು, ಹೊರದೇಶವೊಂದರ ಜನ ಅದೇ ಪ್ರಶ್ನೆಗೆ ಕೊಟ್ಟ ಉತ್ತರವನ್ನೇ ನಮ್ಮ ಲೆಕ್ಕಕ್ಕೂ ಹಾಕಿಕೊಂಡರು. ಗೌರಮ್ಮನ ಬಲಗೈಯ ಬೆಲೆಯನ್ನು ಅವಳನ್ನು ಎಂದೂ ನೋಡದವರು ಕಟ್ಟಿದ್ದರು.

ಗೌರಮ್ಮನ ಬಲಗೈ ಏನು ಮಾಡುತ್ತಿತ್ತು ಎಂದು ಹೇಳಬೇಕು. ಅವಳಿಗೆ ನಲವತ್ತೈದರ ಆಸುಪಾಸು. ಬಸ್ ನಿಲ್ದಾಣದ ಪಕ್ಕದಲ್ಲಿ ತಟ್ಟೆ ಇಡ್ಲಿ ಮಾಡಿ ಮಾರುತ್ತಿದ್ದಳು. ನಮ್ಮ ಕಡೆಯ ಪುಟ್ಟ ಇಡ್ಲಿಯಲ್ಲ ಅದು. ಒಂದು ಸಣ್ಣ ತಟ್ಟೆಯಷ್ಟು ಅಗಲ, ಎರಡು ತಿಂದರೆ ಮಧ್ಯಾಹ್ನದ ಊಟ ಬೇಡ. ಬೆಳಗಿನ ಬಸ್ಸುಗಳ ಡ್ರೈವರುಗಳೆಲ್ಲ ಅವಳ ಗಿರಾಕಿಗಳಾಗಿದ್ದರಂತೆ. ಒಂದು ಬೆಳಿಗ್ಗೆ ಹಿಟ್ಟು ಹೊಯ್ಯುತ್ತಿದ್ದಾಗ ಸೌಟು ಕೈಯಿಂದ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವಳು ಮತ್ತೆ ಏಳಲಿಲ್ಲ. ಅಂದಿನಿಂದ ರಂಗಸ್ವಾಮಿ ಟ್ರಾಕ್ಟರ್ ಬಿಟ್ಟ. ಅವಳನ್ನು ಎತ್ತುವುದು, ಸ್ನಾನ ಮಾಡಿಸುವುದು, ತಲೆ ಬಾಚುವುದು, ಮುದ್ದೆ ನುಣ್ಣಗೆ ಕಿವುಚಿ ತಿನ್ನಿಸುವುದು ಎಲ್ಲ ಅವನದೇ. ನಮ್ಮ ಲೆಕ್ಕದಲ್ಲಿ ಆಸ್ಪತ್ರೆಯ ಖರ್ಚು, ಸರ್ಕಾರದ ಖರ್ಚು ಇತ್ತು. ರಂಗಸ್ವಾಮಿ ಬಿಟ್ಟ ಕೆಲಸಕ್ಕೆ ಜಾಗ ಇರಲಿಲ್ಲ.

ಫಿಸಿಯೋಥೆರಪಿಗೆ ಬರುತ್ತಿದ್ದವಳು ಮಂಜುಳಾ ಎಂಬ ಗುಬ್ಬಿಯ ಹುಡುಗಿ. ಸ್ಕೂಟರಿನಲ್ಲಿ ಬರುತ್ತಿದ್ದಳು. ಬಂದವಳೇ ಗದರಿಸಲು ಶುರು. "ಏನ್ ಗೌರಕ್ಕ, ಮಹಾರಾಣಿ ಥರ ಮಲ್ಗಿದೀರಾ! ಎದ್ದೇಳಿ." ಅವಳು ತಂದ ರಬ್ಬರ್ ಚೆಂಡನ್ನು ಗೌರಮ್ಮ ಮುಟ್ಟುತ್ತಲೇ ಇರಲಿಲ್ಲ. ಒಂದು ದಿನ ಮಂಜುಳಾ ಅಟ್ಟದ ಮೇಲಿನಿಂದ ಇಡ್ಲಿ ತಟ್ಟೆಗಳನ್ನು ಇಳಿಸಿ ಗೌರಮ್ಮನ ತೊಡೆಯ ಮೇಲೆ ಇಟ್ಟಳು. "ಇವನ್ನ ಒಂದರ ಮೇಲೊಂದು ಜೋಡ್ಸಿ. ಆಮೇಲೆ ನಾನು ಹೋಗ್ತೀನಿ." ಗೌರಮ್ಮ ಎಡಗೈ ಮುಂದೆ ಮಾಡಿದಳು. ಮಂಜುಳಾ ಆ ಕೈಯನ್ನು ಹಿಡಿದುಕೊಂಡುಬಿಟ್ಟಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಲಗೈಯ ಹೆಬ್ಬೆರಳು ತಟ್ಟೆಯ ಅಂಚಿಗೆ ಹೋಗಿ ಒತ್ತಿಕೊಂಡಿತು. ತಟ್ಟೆ ಮೇಲೇಳಲಿಲ್ಲ, ಸುಮ್ಮನೆ ಅಲುಗಿತು. ರಂಗಸ್ವಾಮಿ ಹಿತ್ತಲಿಗೆ ಎದ್ದು ಹೋದ.

ಮಳೆಗಾಲ ಹೋಗಿ ಸುಗ್ಗಿ ಬರುವ ವೇಳೆಗೆ ಗೌರಮ್ಮ ಗೋಡೆ ಹಿಡಿದು ಬಾಗಿಲತನಕ ನಡೆಯುತ್ತಿದ್ದಳು. ಮಾತೂ ತೊದಲುತ್ತ ಬರುತ್ತಿತ್ತು. ನಾನು ಹೋದರೆ, "ಬಾ... ರವ್ವ" ಎನ್ನುವಳು. ಅಷ್ಟರಲ್ಲಿ ನನಗೂ ತುಮಕೂರು ಅಭ್ಯಾಸವಾಗಿತ್ತು. ಮುದ್ದೆ ನುಂಗಲು ಬಂತು. ಬಿಳಿಜೋಳದ ಹಿಟ್ಟು ಸಿಗುವ ಗಿರಣಿ ಪತ್ತೆಯಾಯಿತು. ಫೋನಿನಲ್ಲಿ ಅವ್ವನಿಗೆ, "ಬರ್ತೀನಿ, ಇಡ್ತೀನಿ" ಎಂದರೆ, "ಅಯ್ಯ, ಇದೇನ ನಿನ್ನ ಮಾತು, ಯಾರದೋ ಮನಿ ಮಗಳ ಹಂಗ ಮಾತಾಡ್ತಿ" ಎನ್ನುತ್ತಿದ್ದಳು. ಹಬ್ಬದ ದಿನಗಳಲ್ಲಿ ಮಾತ್ರ ಊರು ನೆನಪಾಗುತ್ತಿತ್ತು. ಎಳ್ಳಮಾವಾಸ್ಯೆಯ ದಿನ ನಾನು ರಜೆ ಕೇಳಿದಾಗ, ಅದು ಯಾವ ಹಬ್ಬ ಎಂದು ಆಫೀಸಿನಲ್ಲಿ ಕೇಳಿದರು. ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲುವುದನ್ನು, ಭೂಮಿಗೆ ಉಣಿಸುವುದನ್ನು, ವಿವರಿಸಲು ಹೋಗಿ ಅರ್ಧದಲ್ಲೇ ಬಿಟ್ಟೆ.

ವರ್ಷ ತುಂಬಿತು. ಎರಡನೆಯ ಸುತ್ತಿನ ಪ್ರಶ್ನೆ ಕೇಳಲು ಹೊರಟೆವು.

ಗುಬ್ಬಿ ಕಡೆ ಕಷ್ಟವಾಗಲಿಲ್ಲ. ಮಂಜುಳಾ ವಾರವಾರವೂ ಹೋಗುತ್ತಿದ್ದುದರಿಂದ ಯಾರು ಎಲ್ಲಿದ್ದಾರೆಂದು ಅವಳಿಗೆ ಗೊತ್ತಿತ್ತು. ಮಗಳ ಊರಿಗೆ ಹೋದವರು, ಹಾಸಿಗೆಯಿಂದ ಏಳಲಾಗದವರು, ಎಲ್ಲರೂ ಸಿಕ್ಕರು. ತೀರಾ ಹದಗೆಟ್ಟವರೂ ಲೆಕ್ಕಕ್ಕೆ ಬಂದರು.

ಕುಣಿಗಲ್ ಬೇರೆ. ಅಲ್ಲಿನವರನ್ನು ಒಂದು ವರ್ಷ ಯಾರೂ ನೋಡಿರಲಿಲ್ಲ. ಹೆಬ್ಬೂರಿನ ಮೇಲೆ ಬಸ್ಸಿನಲ್ಲಿ ಹೋಗಿ, ಕುಣಿಗಲ್‌ನಲ್ಲಿ ಇಳಿದು, ಆಟೋ ಹಿಡಿದು ಹಳ್ಳಿಗಳಿಗೆ ಹೋದರೆ ಮನೆಗಳಿಗೆ ಬೀಗ. ಕೆಲವರನ್ನು ಮಕ್ಕಳು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದರು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಕೆಲವು ಮನೆಗಳಲ್ಲಿ ನಾನು ಹೆಸರು ಹೇಳಿದ ಕೂಡಲೇ ಮುಖ ಬಾಡುತ್ತಿತ್ತು. ಒಂದು ಮನೆಯಲ್ಲಿ ಸೊಸೆ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು.

"ಮಾವ ಹೋಗ್ಬುಟ್ರು ಕಣಕ್ಕ, ಕಾರ್ತೀಕದಲ್ಲಿ. ಬೆನ್ನೆಲ್ಲಾ ಹುಣ್ಣಾಗಿತ್ತು. ಹೆಂಗ್ ಹೊರಳ್ಸಿ ಮಲಗಿಸ್ಬೇಕು ಅಂತ ನಮಗೆ ಯಾರೂ ಹೇಳ್ಕೊಡ್ಲಿಲ್ಲ."

ಗುಬ್ಬಿಯಲ್ಲಿ ಮಂಜುಳಾ ಮೊದಲ ದಿನವೇ ಹೇಳಿಕೊಡುತ್ತಿದ್ದದ್ದು ಅದನ್ನೇ. ನನ್ನ ಕೈಲಿದ್ದ ಟ್ಯಾಬಿನಲ್ಲಿ ಭೇಟಿಯಾಯಿತು, ಸಿಗಲಿಲ್ಲ ಎಂದು ಎರಡೇ ಉತ್ತರ ಇದ್ದವು. ಸಿಗಲಿಲ್ಲ ಎಂದು ಒತ್ತಿ, ಕೆಳಗೆ ತೀರಿಕೊಂಡಿದ್ದಾರೆ ಎಂದು ಟೈಪ್ ಮಾಡಿದೆ. ಮುಂದಿನ ಹಳ್ಳಿಯಲ್ಲಿಯೂ ಹಾಗೆಯೇ ಮಾಡಿದೆ. ಕುಣಿಗಲ್‌ನಲ್ಲಿ ನನಗೆ ಸಿಕ್ಕು, ಕೂತು, ಎಲ್ಲ ಪ್ರಶ್ನೆಗೂ ಉತ್ತರ ಹೇಳಿದವರು ತಾವೇ ಎದ್ದು ಬಂದು ಬಾಗಿಲು ತೆಗೆಯುವಷ್ಟು ಗುಣವಾಗಿದ್ದವರು. ಸಂಜೆ ಹಿಂದಿರುಗುವಾಗ ಕೆರೆಯ ಏರಿಯ ಮೇಲೆ ಗಾಳಿ ಬೀಸುತ್ತಿತ್ತು. ಜನ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ಬಸ್ಸಿಗೆ ಕಾಯುತ್ತ ನಿಂತಾಗ, ಈ ಬೀಗಗಳು ಏನು ಮಾಡಲಿವೆ ಎಂಬುದು ನನಗೆ ಮೆಲ್ಲಗೆ ಹೊಳೆಯಿತು: ಸತ್ತವರು, ಸಿಗದವರು ಬಿಟ್ಟುಹೋದರೆ ಲೆಕ್ಕದಲ್ಲಿ ಕುಣಿಗಲ್‌ನವರೂ ಗುಬ್ಬಿಯವರಷ್ಟೇ ಗುಣವಾದಂತೆ ಕಾಣುತ್ತಾರೆ.

ಹಾಗೆಯೇ ಆಯಿತು. ತುಮಕೂರಿನ ಆಫೀಸಿನಲ್ಲಿ ಫಲಿತಾಂಶದ ಸಭೆ. ಇಲಾಖೆಯಿಂದ ಬಂದವರು, ಹೊರಗಿನಿಂದ ಬಂದ ತಜ್ಞರು, ಲೆಕ್ಕ ಮಾಡಿದವರು ದೂರದ ಊರಿನಿಂದ ಪರದೆಯ ಮೇಲೆ. ಗುಬ್ಬಿಯವರಿಗೂ ಕುಣಿಗಲ್‌ನವರಿಗೂ ಹೇಳುವಂಥ ವ್ಯತ್ಯಾಸವಿಲ್ಲ, ಮನೆಭೇಟಿಗೆ ಆಗುವ ಖರ್ಚಿಗೆ ತಕ್ಕ ಪ್ರಯೋಜನ ಕಾಣುವುದಿಲ್ಲ ಎಂದರು. ಮಂಜುಳಾ ನನ್ನ ಪಕ್ಕದಲ್ಲಿ ಕೂತಿದ್ದಳು. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ನಾನು ಕೈ ಎತ್ತಿದೆ. ಆ ಸಭೆಯಲ್ಲಿ ನನ್ನಂಥವರು ಮಾತಾಡುವ ಪದ್ಧತಿ ಇರಲಿಲ್ಲ.

"ಕುಣಿಗಲ್‌ನಲ್ಲಿ ಸಿಗದೆ ಇದ್ದ ಮನೆಗಳನ್ನ ಹೆಂಗ್ ಲೆಕ್ಕ ಹಾಕಿದೀರಿ ಸರ್?"

ಪರದೆಯ ಮೇಲಿದ್ದವರು ಹೇಳಿದ್ದನ್ನು ನಮ್ಮ ಸರ್ ಕನ್ನಡದಲ್ಲಿ ಹೇಳಿದರು: "ಅವೆಲ್ಲ ಮಿಸ್ಸಿಂಗ್ ಶೋಭಾ. ಮಿಸ್ಸಿಂಗ್ ಇರೋರನ್ನ ಬಿಟ್ಟೇ ಲೆಕ್ಕ ಮಾಡೋದು."

ನನ್ನೊಳಗಿದ್ದ ತುಮಕೂರಿನ ಮಾತೆಲ್ಲ ಆ ಕ್ಷಣಕ್ಕೆ ಹಾರಿಹೋಯಿತು. "ಅವರು ಮಿಸ್ಸಿಂಗ್ ಆಗಿಲ್ರೀ ಸರ. ಸತ್ತಾರ. ನಾ ನೋಡಿ ಬಂದೀನಿ. ಮಲಗಿದಲ್ಲೇ ಹುಣ್ಣಾಗಿ ಸತ್ತಾರ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಹೇಳಿದ್ದಕ್ಕೆ ನಕ್ಕದ್ದಲ್ಲ, ಹೇಳಿದ ಧಾಟಿಗೆ ನಕ್ಕದ್ದು. ಇಲಾಖೆಯವರು ಗಡಿಯಾರ ನೋಡಿದರು. ಸರ್ ತಲೆ ತಗ್ಗಿಸಿ, "ಅದನ್ನ ನೋಟ್ ಮಾಡ್ಕೋತೀವಿ" ಎಂದರು. ಸಭೆ ಮುಂದುವರಿಯಿತು.

ಮಧ್ಯಾಹ್ನ ಸರ್ ತಮ್ಮ ಕೋಣೆಗೆ ಕರೆದರು. ಬೈಯುತ್ತಾರೆಂದು ಹೋದೆ. ಅವರು ಕಾಫಿ ತರಿಸಿದ್ದರು.

"ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಸತ್ತೋರನ್ನ ಸೇರಿಸಿದ್ರೆ ಲೆಕ್ಕ ಬೇರೇನೇ ಆಗ್ತಿತ್ತೇನೋ. ಆದ್ರೆ ಯಾರು ಸತ್ರು, ಯಾವಾಗ, ಯಾಕೆ ಅಂತ ಖಾತ್ರಿ ಮಾಡ್ಕೊಳಕ್ಕೆ ಇನ್ನೊಂದು ಸುತ್ತು ಹೋಗ್ಬೇಕು. ಯೋಜನೆ ಅವಧಿ ಮುಗೀತು. ಜನ ಇಲ್ಲ, ಗಾಡಿ ಇಲ್ಲ. ಲೆಕ್ಕ ಮಾಡೋರು ಇನ್ನೊಂದು ಕೆಲಸಕ್ಕೆ ಹೋಗಾಯ್ತು."

"ಹಂಗಾರೆ ಇದನ್ನ ತಪ್ಪು ಅಂತ ಬರೀಬಹುದಲ್ಲ ಸರ್?"

"ಕೊನೇಲಿ ಇತಿಮಿತಿಗಳು ಅಂತ ಒಂದು ಪ್ಯಾರಾ ಇರತ್ತೆ. ಅಲ್ಲಿ ಒಂದು ಸಾಲು ಸೇರಿಸ್ತೀನಿ." ಕಾಫಿಯ ಲೋಟ ನನ್ನ ಕಡೆ ಸರಿಸಿ, "ಅದನ್ನ ಯಾರೂ ಓದಲ್ಲ ಕಣಮ್ಮ. ನನಗೂ ಗೊತ್ತು" ಎಂದರು.

ಆ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಿಸಿದೆ. ಆಗಲಿಲ್ಲ. ಶ್ರೀಮಂತ ದೇಶಗಳಲ್ಲಿ ಯಾರು ಯಾವಾಗ ಸತ್ತರು, ಯಾವ ಆಸ್ಪತ್ರೆಗೆ ಎಷ್ಟು ಸಲ ಹೋದರು ಎಂಬುದೆಲ್ಲ ಒಂದು ಕಡೆ ಸಿಗುತ್ತದಂತೆ. ಅವರು ಕಟ್ಟಿದ ವಿಧಾನ ಅವರ ಊರಿಗೆ ಸರಿ. ನಮ್ಮಲ್ಲಿ ಅದನ್ನೇ ತಂದು, ಅರ್ಧ ದುಡ್ಡಿನಲ್ಲಿ, ಅರ್ಧ ಜನರಲ್ಲಿ, ಸಿಕ್ಕಷ್ಟನ್ನು ಬರೆದು ಮುಗಿಸುತ್ತೇವೆ. ಆಮೇಲೆ ತಿಳಿದದ್ದು: ಸಂಶೋಧನೆಯ ಗುಣಮಟ್ಟ ನೋಡುವುದಕ್ಕೂ ಒಂದು ಪಟ್ಟಿ ಇದೆ. ಪ್ರಶ್ನೆ ಸ್ಪಷ್ಟವಾಗಿದೆಯೇ, ಖರ್ಚು ನಮೂದಿಸಿದ್ದಾರೆಯೇ, ಇತಿಮಿತಿ ಬರೆದಿದ್ದಾರೆಯೇ ಎಂದು ಒಂದೊಂದಕ್ಕೂ ಟಿಕ್ ಹಾಕುತ್ತಾರೆ. ನಮ್ಮ ವರದಿ ಅದರಲ್ಲಿ ಚೆನ್ನಾಗಿಯೇ ಪಾಸಾಯಿತು. ಉತ್ತಮ ಗುಣಮಟ್ಟದ ಅಧ್ಯಯನ ಎಂದರು. ಇತಿಮಿತಿ ಬರೆದದ್ದಕ್ಕೂ ಅಂಕ ಸಿಕ್ಕಿತ್ತು.

ಮಂಜುಳಾಳ ಕೆಲಸ ಆ ತಿಂಗಳ ಕೊನೆಗೆ ಮುಗಿಯಿತು. ಕೊನೆಯ ಸಲ ಸಿ.ಎಸ್. ಪುರಕ್ಕೆ ಹೋಗುವಾಗ ನನ್ನನ್ನೂ ಕರೆದಳು. "ಒಬ್ಳೇ ಹೋಗಿ ಹೇಳಕ್ಕೆ ನನ್ ಕೈಲಾಗಲ್ಲ ಶೋಭಕ್ಕ. ಬನ್ನಿ." ಸ್ಕೂಟರಿನ ಹಿಂದೆ ಕೂತು ಹೋದೆ.

ಗೌರಮ್ಮ ಬಾಗಿಲಲ್ಲಿ ನಿಂತಿದ್ದಳು, ಗೋಡೆ ಹಿಡಿಯದೆ. ನಮಗೆ ತೋರಿಸಲೆಂದೇ ಹಾಗೆ ನಿಂತಿದ್ದಾಳೆಂದು ಕಂಡಿತು. ಮಂಜುಳಾ ಅವಳ ಕೈ ಹಿಡಿದು ಕೂರಿಸಿ, ಎಂದಿನಂತೆ ಎಲ್ಲ ವ್ಯಾಯಾಮ ಮಾಡಿಸಿ, ಆಮೇಲೆ ಹೇಳಿದಳು. ಇನ್ನು ಮುಂದೆ ಬರುವುದಿಲ್ಲ, ಸರ್ಕಾರದವರು ನಿಲ್ಲಿಸಿದ್ದಾರೆ, ನೀವೇ ದಿನಾ ಮಾಡಿಸಬೇಕು. ರಂಗಸ್ವಾಮಿ ತಲೆಯಾಡಿಸುತ್ತ ಕೇಳಿದ. ಕಾಫಿ ಕೊಟ್ಟ. ನಾವು ಹೊರಡಲು ಎದ್ದಾಗ ಸ್ಕೂಟರಿನ ತನಕ ಬಂದು, ಹೆಂಡತಿಗೆ ಕೇಳಿಸದಂತೆ ನನ್ನನ್ನು ಕೇಳಿದ.

"ಮೇಡಂ, ನಾವೇನಾದ್ರೂ ತಪ್ಪು ಉತ್ರ ಹೇಳಿದ್ವಾ? ಅವತ್ತು ಆ ಹತ್ತು ವರ್ಸ, ಏಳು ವರ್ಸ ಕೇಳಿದ್ರಲ್ಲ. ನಾನು ಸರ್ಯಾಗ್ ಹೇಳ್ನಿಲ್ಲ. ಇನ್ನೊಂದ್ಸಲ ಕೇಳಿ, ಈಗ ಹೇಳ್ತೀನಿ. ಯಾವ್ದು ಬೇಕೋ ಅದ್ನೇ ಹೇಳ್ತೀನಿ."

"ಇಲ್ಲ ರಂಗಸ್ವಾಮಿಯವ್ರೇ. ನಿಮ್ಮದೇನೂ ತಪ್ಪಿಲ್ಲ."

"ಮತ್ಯಾಕ್ ನಿಲ್ಸಿದ್ರು?"

ಕುಣಿಗಲ್‌ನ ಹಳ್ಳಿಯಲ್ಲಿ ಸತ್ತ ಮನುಷ್ಯನಿಗೂ, ಸಿ.ಎಸ್. ಪುರದಲ್ಲಿ ಎದ್ದು ನಿಂತ ರಂಗಸ್ವಾಮಿಯ ಹೆಂಡತಿಗೂ ಏನು ಸಂಬಂಧ ಎಂದು ಆ ರಸ್ತೆಯ ಬದಿಯಲ್ಲಿ ನಿಂತು ಹೇಗೆ ಹೇಳುವುದು? ಹೇಳಿದ್ದರೆ ನಂಬುತ್ತಿದ್ದನೇ? ನಂಬಿದರೆ ಏನಾಗುತ್ತಿತ್ತು? ಗೊತ್ತಿಲ್ಲ ಎಂದೆ. ಅದು ಸುಳ್ಳು.

ನಾನು ತುಮಕೂರಿನಲ್ಲೇ ಉಳಿದೆ. ಅದೇ ಆಫೀಸಿನಲ್ಲಿ ಬೇರೆ ಯೋಜನೆ, ಬೇರೆ ರೋಗ, ಅದೇ ಟ್ಯಾಬು. ಬಿಟ್ಟು ಹೋಗಬೇಕಿತ್ತು ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಬಿಟ್ಟು ಎಲ್ಲಿಗೆ ಹೋಗುವುದು? ಭಾನುವಾರ ಬಿಡುವಾದಾಗ ಸಿ.ಎಸ್. ಪುರಕ್ಕೆ ಹೋಗಿಬರುತ್ತೇನೆ. ರಂಗಸ್ವಾಮಿ ಕೆಲವು ವಾರ ತಪ್ಪದೆ ವ್ಯಾಯಾಮ ಮಾಡಿಸಿದ. ಆಮೇಲೆ ಹೊಟ್ಟೆಯ ಪಾಡು ನೋಡಿಕೊಳ್ಳಬೇಕಲ್ಲ, ಟ್ರಾಕ್ಟರ್ ಹತ್ತಿದ. ಅವನು ಬರುವ ವೇಳೆಗೆ ಕತ್ತಲಾಗಿರುತ್ತದೆ, ಸುಸ್ತಾಗಿರುತ್ತದೆ. ಗೌರಮ್ಮ ಈಗ ಮತ್ತೆ ಗೋಡೆ ಹಿಡಿದು ನಡೆಯುತ್ತಾಳೆ. ಕೈ ಬಿಗಿಯುತ್ತಿದೆ. ಹೇಗಿದ್ದೀರಿ ಎಂದು ನಾನು ಕೇಳುವುದನ್ನು ಬಿಟ್ಟಿದ್ದೇನೆ. ಸುಮ್ಮನೆ ಅವಳ ತಲೆ ಬಾಚಿ ಬರುತ್ತೇನೆ.

ಹೋದ ತಿಂಗಳು ಮುಧೋಳಕ್ಕೆ ಬಂದಿದ್ದೆ. ನಿಮ್ಮಲ್ಲಿ ಎಷ್ಟೋ ಜನರನ್ನು ನೋಡಿದೆ. ಜೋಳದ ರೊಟ್ಟಿ ಬಡಿಯುವ ಸದ್ದು ಓಣಿಯಲ್ಲಿ ಕೇಳಿಸಿದಾಗ ಕಾಲು ತಾನಾಗಿ ನಿಂತಿತು. ದೊಡ್ಡವ್ವನ ಮಂಚದ ಹತ್ತಿರ ಕೂತೆ. ಅವಳ ಬಲಗೈ ಮುಷ್ಟಿ ಕಟ್ಟಿ ಎದೆಗೆ ಅಂಟಿಕೊಂಡಿದೆ. ದೊಡ್ಡವ್ವನ ಸೊಸೆ, ನನ್ನ ವೈನಿ, ಹಾಸಿಗೆಯ ಬಟ್ಟೆ ಬದಲಿಸುತ್ತ ಕೇಳಿದಳು.

"ಶೋಭಾ, ನೀ ಅಲ್ಲೆ ಇದನ್ನ ಕೆಲಸಾ ಮಾಡಾಕತ್ತಿದ್ದಿ ಅಲ್ಲಾ? ಮನೀಗೆ ಬಂದು ಕೈಕಾಲು ಆಡಿಸಿ ಹೋಗ್ತಾರ ಅಂತಿದ್ದಿ. ನಮ್ಮೂರಿಗೆ ಯಾವಾಗ ಬರ್ತಾರವ್ವಾ ಅವರು?"

"ಬರಲ್ಲ ವೈನಿ."

ಬರಂಗಿಲ್ಲ ಎನ್ನಬೇಕಿತ್ತು. ಬರಲ್ಲ ಎಂದುಬಿಟ್ಟಿದ್ದೆ. ವೈನಿ ನನ್ನ ಮುಖ ನೋಡಿದಳು.

"ಯಾಕ ಬರಂಗಿಲ್ಲ? ನಾವೇನ್ ಮಾಡೇವಿ?"

ಅಷ್ಟರಲ್ಲಿ ಫೋನ್ ಬಂತು. ರಂಗಸ್ವಾಮಿ. ಗೌರಮ್ಮ ಭಾನುವಾರ ಕಾದು ಕೂತಿದ್ದಳಂತೆ. "ಮೇಡಂ, ಊರಿಗ್ ಯಾವಾಗ ಬರ್ತೀರಾ?"

"ಸೋಮವಾರ ಬಂದ್ಬಿಡ್ತೀನಿ. ಹೇಳಿ ಅವ್ರಿಗೆ."

ಫೋನ್ ಇಟ್ಟೆ. "ಯಾವ ಊರಿಗವ್ವಾ?" ಎಂದಳು ವೈನಿ. ನಾನು ದೊಡ್ಡವ್ವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ. ಬಿಡಿಸಿದವು ಹಾಗೆಯೇ ಮಡಚಿಕೊಂಡವು. ಮತ್ತೆ ಬಿಡಿಸಿದೆ.